ಹಾಡುಗಲ್ಲಿನ ಮೇಲಿನ ಕಂಬಳಿ

ಆ ದಿನ ಬೆಳಿಗ್ಗೆ ಮಠದಲ್ಲಿ ಒಂದು ಗಂಭೀರ ಘಟನೆ ನಡೆಯಿತು. ಶಿಷ್ಯ ಮುರಿಗೆಯ್ಯ ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದ. ಮಠಕ್ಕೆ ಸೇರಿದಂದಿನಿಂದ ಅವನು ಜ್ವರ ಬಂದಾಗಲೂ ಹೀಗೆ ಮಾಡಿದವನಲ್ಲ. ಅಡುಗೆಯ ನೀಲವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಉಪ್ಪು ಹೆಚ್ಚಾಯಿತೇ ಎಂದು ವಿಚಾರಿಸಿದಳು. ಉಪ್ಪು ಸರಿಯಾಗಿತ್ತು. ಮುರಿಗೆಯ್ಯ ಕೈ ತೊಳೆದು, ಮಠದ ಗುರುಗಳಾದ ಅಜ್ಜನವರ ಮುಂದೆ ಹೋಗಿ ಕೂತು, ತನ್ನ ಪ್ರಶ್ನೆ ಕೇಳಿದ.

“ಅಜ್ಜಾರೆ, ಹಿಂದೆ ಕೆಟ್ಟ ಮಾತು ಆಡಿದವನನ್ನು ಸಭೆಗೆ ಕರೆಸಿ ಹಾಡಿಸುವುದು ಧರ್ಮವೇ?”

ಯಾರ ವಿಷಯವೆಂದು ಅಜ್ಜನವರಿಗೆ ತಿಳಿಯಿತು. ಮುಂದಿನ ಹುಣ್ಣಿಮೆಯ ಸಭೆಗೆ ರಾಚಯ್ಯ ಗವಾಯಿಯನ್ನು ಕರೆಸಲಾಗಿತ್ತು. ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಿತ್ತು. ಅದರಲ್ಲಿ ಗವಾಯಿಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಸಭೆಯ ಆರಂಭಕ್ಕೆ ಪ್ರತಿ ವರ್ಷವೂ ಮುರಿಗೆಯ್ಯನೇ ಪ್ರಾರ್ಥನೆ ಹಾಡುತ್ತಿದ್ದ. ಅವನ ಹೆಸರೂ ಪತ್ರಿಕೆಯಲ್ಲಿತ್ತು. ಕನ್ನಡಕ ಹಾಕಿಕೊಂಡರೆ ಕಾಣುತ್ತಿತ್ತು.

“ಏನು ಮಾತು ಆಡಿದ್ದ?”

“ಹೆಂಗಸರು ಸಭೆಯಲ್ಲಿ ಹಾಡಬಾರದು, ಅಡುಗೆಮನೆಯ ರಾಗ ಅಡುಗೆಮನೆಯಲ್ಲೇ ಇರಲಿ ಅಂದಿದ್ದ. ಮೈಕಿನ ಮುಂದೆಯೇ ಅಂದಿದ್ದ. ನಮ್ಮ ಮಠದಲ್ಲಿ ಪ್ರತಿ ಸೋಮವಾರ ಹೆಂಗಸರ ಭಜನೆ ನಡೆಯುತ್ತದೆ. ಅಂಥವನು ಇಲ್ಲಿ ಕೂರುವುದು ಹೇಗೆ?”

“ಅಂದು ಎಷ್ಟು ಕಾಲವಾಯಿತು?”

“ಎಂಟು ವರ್ಷ.”

“ನಿನಗೆ ಬೇಸರವಾದದ್ದು ಯಾವಾಗ?”

ಮುರಿಗೆಯ್ಯ ಸುಳ್ಳು ಹೇಳುವವನಲ್ಲ. “ಪತ್ರಿಕೆ ಅಚ್ಚಾದ ಮೇಲೆ,” ಎಂದ.

ಆ ಮಾತಿನ ತುಣುಕು ಅವನ ಮೊಬೈಲಿನಲ್ಲಿತ್ತು. ಎರಡು ದಿನಗಳಿಂದ ಅದನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಸಿಟ್ಟು ಬರಲೆಂದೇ ಕೇಳುತ್ತಿದ್ದ. ಆದರೆ ಎಷ್ಟು ಸಲ ಕೇಳಿದರೂ ಒಳಗೊಳಗೇ ಒಂದು ಬಗೆಯ ಸಮಾಧಾನವೇ ಆಗುತ್ತಿತ್ತು. ಅದೇ ಮೊಬೈಲಿನಲ್ಲಿ ಗವಾಯಿಯ ಹಾಡುಗಳೂ ಇದ್ದವು. ಅವನ್ನು ಕೇಳಿದಾಗ ಮಾತ್ರ ನಿಜವಾದ ಸಂಕಟವಾಗುತ್ತಿತ್ತು.

ಅಜ್ಜನವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆ ತುಂಬಿ ಕೋಡಿ ಹರಿದ ವರ್ಷ, ಏರಿಯ ಮೇಲೆ ಹಾಡು ಹಾಡಿಸುವುದು ಆ ಊರಿನ ಪದ್ಧತಿ. ಏರಿಯ ಮೇಲೊಂದು ಚಪ್ಪಟೆ ಕಲ್ಲಿತ್ತು. ಅದನ್ನು ಹಾಡುಗಲ್ಲು ಎನ್ನುತ್ತಿದ್ದರು. ಹಾಡುವವನು ಅದರ ಮೇಲೆ ಕೂರಬೇಕು. ಜನ ಎದುರಿನ ಇಳಿಜಾರಿನಲ್ಲಿ ಕೂರಬೇಕು.

ಆ ಕಲ್ಲಿಗೆ ಒಂದು ಕಟ್ಟಳೆ ಇತ್ತು. ಹಾಡುವವನಿಂದ ಯಾರಿಗಾದರೂ ನೋವಾಗಿದ್ದರೆ, ಅವರು ತಮ್ಮ ಕಂಬಳಿಯನ್ನು ಮಡಿಸಿ ಕಲ್ಲಿನ ಮೇಲೆ ಇಡಬಹುದು. ಕಂಬಳಿ ಇರುವಷ್ಟು ಹೊತ್ತು ಅವನು ಕೂರುವಂತಿಲ್ಲ. ಅದನ್ನು ಗೌಡನೂ ಮುಟ್ಟುವಂತಿಲ್ಲ. ಯಾರು ಹೊದೆಯುತ್ತಾರೋ ಅವರೇ ಬಂದು ಎತ್ತಬೇಕು. ಏನಾದರೆ ಎತ್ತುತ್ತೇನೆ ಎಂದು ಹೇಳುವ ಹಕ್ಕು ಅವರದೇ.

ಆ ಸೀಮೆಯಲ್ಲಿ ಇಬ್ಬರು ಹಾಡುಗಾರರಿದ್ದರು. ಜನ ಒಬ್ಬನನ್ನು ದೊಡ್ಡ ಹಾಡುಗಾರ ಎಂದೂ ಇನ್ನೊಬ್ಬನನ್ನು ಸಣ್ಣ ಹಾಡುಗಾರ ಎಂದೂ ಕರೆಯುತ್ತಿದ್ದರು. ವಯಸ್ಸಿನಲ್ಲಿ ಸಣ್ಣ ಹಾಡುಗಾರನೇ ದೊಡ್ಡವನು. ಅವನ ಕಷ್ಟ ಅಲ್ಲಿಂದಲೇ ಶುರುವಾಗುತ್ತಿತ್ತು.

ಆ ವರ್ಷ ಕೆರೆ ಕೋಡಿ ಬಿತ್ತು. ಗೌಡ ದೊಡ್ಡ ಹಾಡುಗಾರನಿಗೆ ವೀಳ್ಯ ಕಳಿಸಿದ. ಸಣ್ಣ ಹಾಡುಗಾರ ಅದೇ ಊರಿನವನು, ಅದೇ ಕೆರೆಯ ನೀರು ಕುಡಿದವನು. ವೀಳ್ಯ ತನ್ನ ಮನೆಯ ಮುಂದೆಯೇ ಹಾದುಹೋಗುವುದನ್ನು ಅವನು ಕಟ್ಟೆಯ ಮೇಲೆ ಕೂತು ನೋಡಿದ. ಆ ರಾತ್ರಿ ಊಟ ಸೇರಲಿಲ್ಲ.

ಮೊದಲು ತನ್ನ ಕಂಬಳಿಯನ್ನೇ ಕಲ್ಲಿನ ಮೇಲೆ ಇಡಬೇಕೆಂದುಕೊಂಡ. ಇಡಲು ಒಂದು ನೋವು ಬೇಕಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ದೊಡ್ಡ ಹಾಡುಗಾರ ಎದುರಾದಾಗಲೆಲ್ಲ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದ, ಚಪ್ಪಲಿ ಬಿಟ್ಟು ಮಾತಾಡುತ್ತಿದ್ದ. ಇದಕ್ಕಿಂತ ದೊಡ್ಡ ನೋವಿಲ್ಲ. ಆದರೆ ಅದನ್ನು ಊರ ಮುಂದೆ ಹೇಳುವಂತಿರಲಿಲ್ಲ.

ಆಗ ಅವನಿಗೆ ಕುಂಬಾರರು ನೆನಪಾದರು. ಹಿಂದೊಮ್ಮೆ ಗೌಡನ ಅಂಗಳದಲ್ಲಿ ದೊಡ್ಡ ಹಾಡುಗಾರ ಒಂದು ಮಾತು ಅಂದಿದ್ದ: “ಕುಂಬಾರರಿಗೆ ಹಾಡು ಕೇಳಿಸುವುದೂ ಒಂದೇ, ಅವರ ಕತ್ತೆಗೆ ಕೇಳಿಸುವುದೂ ಒಂದೇ. ಅವರನ್ನು ಹಾಡಿಗೆ ಕರೆಯಬೇಡಿ.” ಅಲ್ಲಿದ್ದವರೆಲ್ಲ ನಕ್ಕಿದ್ದರು. ಕುಂಬಾರರು ಮುಂದೆ ಎಷ್ಟೋ ವರ್ಷ ಅಂಗಳದ ಹಾಡಿಗೆ ಬರಲಿಲ್ಲ. ಸಣ್ಣ ಹಾಡುಗಾರನೂ ಆ ದಿನ ಅಲ್ಲಿದ್ದ. ಅವನೂ ನಕ್ಕಿದ್ದ. ಆದರೆ ಜೋರಾಗಿ ನಕ್ಕಿರಲಿಲ್ಲ ಎಂಬುದು ಅವನಿಗೆ ಈಗ ಸ್ಪಷ್ಟವಾಗಿ ನೆನಪಾಯಿತು.

ಮಾರನೆಯ ದಿನ ಕುಂಬಾರ ಓಣಿಗೆ ಹೋದ. ಒಬ್ಬ ಮುದುಕಿ ಹಸಿ ಮಡಕೆಯನ್ನು ಹಲಗೆಯಿಂದ ತಟ್ಟುತ್ತ ಕೂತಿದ್ದಳು.

“ಅವ್ವಾ, ಅವನು ನಿಮ್ಮನ್ನು ಏನಂದಿದ್ದ, ನೆನಪಿದೆಯೇ?”

“ನನಗೂ ನೆನಪಿದೆ, ಕತ್ತೆಗೂ ನೆನಪಿದೆ. ನೀನು ಇಷ್ಟು ದಿನ ಎಲ್ಲಿದ್ದೆ, ತಮ್ಮಾ?”

“ಈಗ ಬಂದಿದ್ದೇನಲ್ಲ. ನಿನ್ನ ಕಂಬಳಿ ಕೊಡು. ನಾನೇ ಇಟ್ಟು ಬರುತ್ತೇನೆ. ಈ ವಯಸ್ಸಿನಲ್ಲಿ ನೀನು ಏರಿ ಹತ್ತುವುದು ಬೇಡ.”

ಮುದುಕಿ ಅವನ ಮುಖವನ್ನು ನೋಡಿದಳು. ಹಸಿ ಮಡಕೆಯಲ್ಲಿ ಬಿರುಕು ಹುಡುಕುವಾಗ ನೋಡುವಂತೆ ನೋಡಿದಳು. ಒಳಗೆ ಹೋಗಿ ಕಂಬಳಿ ತಂದುಕೊಟ್ಟಳು.

ಹಾಡಿನ ದಿನ ಬಂತು. ಸಣ್ಣ ಹಾಡುಗಾರ ಎಲ್ಲರಿಗಿಂತ ಮೊದಲು ಏರಿಗೆ ಹೋಗಿ ಕಂಬಳಿ ಇಟ್ಟು, ಏನೂ ಅರಿಯದವನಂತೆ ಮುಂದಿನ ಸಾಲಿನಲ್ಲಿ ಕೂತ. ಹೊಸ ರುಮಾಲು ಸುತ್ತಿದ್ದ. ಬೆಳಗಿನಿಂದ ಕಲ್ಲುಸಕ್ಕರೆ, ಮೆಣಸು ಅಗಿಯುತ್ತಿದ್ದ. ಹಾಡುವವರು ಇಲ್ಲದೆ ಸಭೆ ನಿಂತುಹೋದರೆ ಊರಿಗೆ ಅವಮಾನ. ಅದನ್ನು ತಪ್ಪಿಸಲು ಯಾರಾದರೊಬ್ಬರು ಗಂಟಲು ಸರಿಯಾಗಿಟ್ಟುಕೊಂಡು ಬರಬೇಕಾಗುತ್ತದೆ.

ದೊಡ್ಡ ಹಾಡುಗಾರ ಬಂದ. ಕಲ್ಲಿನ ಮೇಲೆ ಕಂಬಳಿ ಕಂಡು ನಿಂತ. ಇಳಿಜಾರಿನ ತುಂಬ ಕೂತಿದ್ದ ಜನ ಕತ್ತು ಚಾಚಿ ನೋಡಿದರು.

ಗೌಡ ಕೇಳಿದ: “ಕಂಬಳಿ ಯಾರದು?”

ಸಣ್ಣ ಹಾಡುಗಾರ ಎದ್ದು ನಿಂತು, “ಕುಂಬಾರ ಓಣಿಯದು,” ಎಂದ. ಓಣಿಯ ಅವಮಾನವನ್ನು ನಾಲ್ಕು ಮಾತಿನಲ್ಲಿ ವಿವರಿಸಿದ. ಚೆನ್ನಾಗಿಯೇ ವಿವರಿಸಿದ. ಅವನ ಕಂಠ ಆ ದಿನ ನಿಜಕ್ಕೂ ಹದವಾಗಿತ್ತು.

ಗೌಡ ಹೇಳಿದ: “ಓಣಿ ಕಂಬಳಿ ಹೊದೆಯುವುದಿಲ್ಲಪ್ಪ. ಹೊದೆಯುವವರು ಯಾರು?”

ಇಳಿಜಾರಿನ ಕೊನೆಯಲ್ಲಿ ಮುದುಕಿ ಎದ್ದಳು. ಬೇಡವೆಂದರೂ ಏರಿಯವರೆಗೆ ಬಂದಿದ್ದಳು. “ನನ್ನದು,” ಎಂದಳು.

“ಏನಾದರೆ ಎತ್ತುತ್ತೀಯ?”

“ಆ ಮಾತನ್ನು ಇವನು ನಾವಿಲ್ಲದ ಕಡೆ ಆಡಿದ. ಈಗ ನನ್ನ ಮುಖ ನೋಡಿ ಅದನ್ನೇ ಆಡಲಿ. ಆಡಿದರೆ ಕಂಬಳಿ ಅಲ್ಲೇ ಇರುತ್ತದೆ. ಆಡಲಾಗದಿದ್ದರೆ ಎತ್ತುತ್ತೇನೆ.”

ದೊಡ್ಡ ಹಾಡುಗಾರ ಅವಳ ಕಡೆ ತಿರುಗಿದ. ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಕೊನೆಗೆ ಹೇಳಿದ: “ಆಗುವುದಿಲ್ಲ, ಅವ್ವಾ. ಅಂದು ಆಡಿದ್ದು ನಿಜ. ತಮಾಷೆಗೆ ಆಡಿದ್ದಲ್ಲ, ನಂಬಿಯೇ ಆಡಿದ್ದೆ. ಈಗ ಬಾಯಿಗೆ ಬರುತ್ತಿಲ್ಲ.”

ಮುದುಕಿ ಇಳಿಜಾರು ಹತ್ತಿ ಬಂದಳು. ಕಂಬಳಿ ಎತ್ತಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡಳು. “ಕೂರು,” ಎಂದಳು.

ಸಣ್ಣ ಹಾಡುಗಾರನಿಗೆ ತಡೆಯಲಾಗಲಿಲ್ಲ. “ಇಷ್ಟಕ್ಕೇ ಬಿಟ್ಟೆಯಾ? ಇದು ನಿಮ್ಮ ಮಾನದ ಪ್ರಶ್ನೆ.”

“ನಮ್ಮ ಮಾನ ನಮ್ಮ ಜೊತೆ ಮನೆಗೆ ಬರುತ್ತದೆ, ತಮ್ಮಾ. ನಿನ್ನದೇ ಕಂಬಳಿ ಇದ್ದರೆ ತಂದು ಇಡು, ಯಾರು ಬೇಡವೆಂದರು?”

ಅವನು ಇಡಲಿಲ್ಲ. ಆ ಸಂಜೆ ಏರಿಯ ಮೇಲೆ ಗಾಳಿ ಜೋರಾಗಿತ್ತು. ತನ್ನ ಕಂಬಳಿಯನ್ನು ಅವನು ಮನೆಯಲ್ಲಿ ಬಿಟ್ಟುಬಂದಿದ್ದ. ಎದ್ದು ಹೋದರೆ ಜನ ನಗುತ್ತಾರೆಂದು, ಮೊಣಕಾಲು ಅಪ್ಪಿಕೊಂಡು ಹಾಡು ಮುಗಿಯುವವರೆಗೂ ಕೂತ. ಕುಂಬಾರ ಓಣಿಯವರಲ್ಲಿ ಕೆಲವರು ಕೂತು ಕೇಳಿದರು, ಕೆಲವರು ಎದ್ದು ಹೋದರು. ಕೂತವರನ್ನು ಯಾರೂ ಹೊಗಳಲಿಲ್ಲ, ಹೋದವರನ್ನು ಯಾರೂ ತಡೆಯಲಿಲ್ಲ. ದೊಡ್ಡ ಹಾಡುಗಾರ ಆ ದಿನ ಅಷ್ಟೇನೂ ಚೆನ್ನಾಗಿ ಹಾಡಲಿಲ್ಲ. ಅದನ್ನು ಸಣ್ಣ ಹಾಡುಗಾರ ಊರಿಗೆಲ್ಲ ಹೇಳಿಕೊಂಡು ಬಂದ. ಕೇಳಿದವರು, ಹೌದೇ, ನಮಗೆ ಗೊತ್ತಾಗಲಿಲ್ಲವಲ್ಲ ಎಂದರು.

ಅಜ್ಜನವರು ಕತೆ ನಿಲ್ಲಿಸಿದರು.

ಕತೆ ಕೇಳುತ್ತ ಮುರಿಗೆಯ್ಯನ ಕೈ ಮೊಬೈಲನ್ನು ಜೇಬಿನಿಂದ ತೆಗೆದು, ಮತ್ತೆ ಜೇಬಿಗೆ ಹಾಕಿತ್ತು. ಕುಂಬಾರ ಮುದುಕಿಯ ಮೇಲೆ ಅವನಿಗೆ ಸಿಟ್ಟು ಬಂದಿತ್ತು. ಅಷ್ಟು ಸುಲಭವಾಗಿ ಎತ್ತಬಾರದಿತ್ತು ಎನಿಸಿತ್ತು.

“ಅಂದರೆ ಅಜ್ಜಾರೆ, ಕೆಟ್ಟ ಮಾತು ಆಡಿದವರೆಲ್ಲ ಬಂದು ಹಾಡಬಹುದು ಎಂದೇ ಅರ್ಥವೇ? ಆ ಮುದುಕಿ ಎತ್ತುವುದಿಲ್ಲ ಎಂದಿದ್ದರೆ?”

“ಎತ್ತದಿದ್ದರೆ ಅವನು ಹಾಡುತ್ತಿರಲಿಲ್ಲ. ಅದು ಅವಳಿಗೆ ಬಿಟ್ಟದ್ದು.”

“ಹಾಗಾದರೆ ನನ್ನ ಪ್ರಶ್ನೆಯಲ್ಲಿ ತಪ್ಪೇನಿದೆ?”

ಅಡುಗೆಮನೆಯಲ್ಲಿ ನೀಲವ್ವ ಪಾತ್ರೆ ತೊಳೆಯುತ್ತ, ಸೋಮವಾರದ ಭಜನೆಯ ಒಂದು ಸಾಲನ್ನು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಎಂಟು ವರ್ಷಗಳಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ಉಪ್ಪಿನ ವಿಷಯ ಬಿಟ್ಟರೆ.

ಅಜ್ಜನವರು ಒಂದು ಕ್ಷಣ ಆ ಹಾಡು ಕೇಳಿದರು. ಆಮೇಲೆ ಹೇಳಿದರು:

“ಪ್ರಶ್ನೆ ಸರಿಯಾಗಿದೆ, ಮುರಿಗೆಯ್ಯ. ಆದರೆ ನೀನು ತಂದಿರುವ ಕಂಬಳಿ ಯಾರದು?”

ಮುರಿಗೆಯ್ಯ ಅಡುಗೆಮನೆಯ ಕಡೆ ತಿರುಗಿ ನೋಡಿದ.

ಮಧ್ಯಾಹ್ನ ಭಜನೆಯ ಹೆಂಗಸರನ್ನು ಕರೆದು ಕೇಳಲಾಯಿತು. ಮೊದಲು ತಾವು ಹಾಡುವುದಾಗಿಯೂ, ಗವಾಯಿ ಕೆಳಗೆ ಕೂತು ಕೇಳಬೇಕೆಂದೂ, ಆಮೇಲೆ ಬೇಕಾದರೆ ಅವನು ಹಾಡಲೆಂದೂ ಅವರು ಹೇಳಿದರು. ಹುಣ್ಣಿಮೆಯ ದಿನ ಹಾಗೆಯೇ ನಡೆಯಿತು. ಹೆಂಗಸರ ಹಾಡಿನಿಂದಲೇ ಸಭೆ ಆರಂಭವಾದ್ದರಿಂದ, ಆ ವರ್ಷ ಬೇರೆ ಪ್ರಾರ್ಥನೆ ಬೇಕಾಗಲಿಲ್ಲ.