ನಿಧಾನದ ಪಕ್ಕ ಕೂತ ರ‍್ಯಾಮ್

ಹೊಳೆದಂಡೆಯ ಮಠದಲ್ಲಿ ಗುರುಪಾದಜ್ಜನವರ ಹತ್ತಿರ ಇಬ್ಬರು ಶಿಷ್ಯರಿದ್ದರು. ಚನ್ನಮಲ್ಲ ಪಾಠ ಹೇಳುವ ಮೊದಲೇ ಕಲಿತುಬಿಡುವವನು. ಸಂಗಯ್ಯನಿಗೆ ಅದನ್ನೇ ಮತ್ತೆ ಮತ್ತೆ ಹೇಳಬೇಕು. ಆಮೇಲೂ ಆತ ಸುಮ್ಮನೆ ನಗುತ್ತಿದ್ದ.

ಇಬ್ಬರಿಗೂ ಒಟ್ಟಿಗೇ ಪಾಠ. ಚನ್ನಮಲ್ಲನಿಗೆ ತಲೆ ಕೆಟ್ಟುಹೋಗಿತ್ತು.

"ಅಜ್ಜಾರ, ನನಗ ಬ್ಯಾರೆ ಪಾಠ ಹೇಳ್ರಿ. ಇಲ್ಲಂದ್ರ ಬ್ಯಾರೆ ಮಠಕ್ಕ ಹೊಂಟೆ ನೋಡ್ರಿ."

"ಹೋಗೂವಂತಿ. ಮೊದಲ ಆ ಲ್ಯಾಪ್‌ಟಾಪ್ ಸರಿ ಮಾಡು."

ಮಠದ ತಾಳೆಗರಿಗಳ ಫೋಟೊಗಳು ಅದರಲ್ಲಿದ್ದವು. ಒಂದು ಗರಿ ತೆರೆಯುವಷ್ಟರಲ್ಲಿ ಅಜ್ಜನವರ ಪೂಜೆಯೇ ಮುಗಿಯುತ್ತಿತ್ತು. ಮೆಮೊರಿ ಸಾಲದು, ಇನ್ನೊಂದು ರ‍್ಯಾಮ್ ಹಾಕಬೇಕು ಎಂದು ಚನ್ನಮಲ್ಲ ಕಂಡುಹಿಡಿದ.

ಪೇಟೆಗೆ ಹೋಗಿ ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದನ್ನು ತಂದ. ಅದು ಮೇಜಿನ ಮೇಲಿಡುವ ಕಂಪ್ಯೂಟರಿನದು. ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಹಲ್ಲು ಕಚ್ಚಿ ಒತ್ತತೊಡಗಿದ.

"ಹಿಡಿಯೂದಿಲ್ಲ ಅನಸ್ತೈತಿ," ಎಂದ ಸಂಗಯ್ಯ.

"ನೀ ಸುಮ್ಮನಿರು. ಜರಾ ಒತ್ತಿದ್ರ ಹೋಗ್ತೈತಿ."

ಅಷ್ಟರಲ್ಲಿ ಚನ್ನಮಲ್ಲನ ಕಾಲು ಚುರ್ ಎಂದಿತು. ಬಗ್ಗಿ ನೋಡಿದರೆ ಅಜ್ಜ ಕೆಳಗೆ ಕೂತು, ಸಂಗಯ್ಯನ ಪುಟ್ಟ ಚಪ್ಪಲಿಯನ್ನು ಅವನ ಪಾದಕ್ಕೆ ತುರುಕುತ್ತಿದ್ದರು.

"ಅಯ್ಯಯ್ಯ ಅಜ್ಜಾರ, ಕಾಲು ಬಿಡ್ರಿ! ಅದು ನನ್ನ ಅಳತೀದಲ್ಲ!"

"ಜರಾ ಒತ್ತಿದ್ರ ಹೋಗ್ತೈತಿ."

ಚನ್ನಮಲ್ಲ ನಾಚಿಕೊಂಡು, ಲ್ಯಾಪ್‌ಟಾಪಿನೊಳಗಿದ್ದ ಹಳೆಯ ರ‍್ಯಾಮನ್ನೇ ಕಳಚಿ ಅಂಗಡಿಗೆ ಒಯ್ದ. ಅದೇ ಬಗೆಯದನ್ನು ಕೇಳಿದ. ಆದರೆ ಸುಮ್ಮನಿರುವ ಆಸಾಮಿಯೇ? ಆ ಬಗೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುವುದನ್ನು ಆರಿಸಿ ತಂದ.

ಹಳೆಯದರ ಪಕ್ಕ ಹೊಸದು ಟಕ್ಕೆಂದು ಕೂತಿತು. ಗರಿಗಳು ಸಲೀಸಾಗಿ ತೆರೆದವು. ಸಂಗಯ್ಯ ಚಪ್ಪಾಳೆ ತಟ್ಟಿದ.

ಚನ್ನಮಲ್ಲ ಮಾತ್ರ ಪರದೆ ತೋರಿಸಿದ ವೇಗದ ಅಂಕಿ ನೋಡಿ ಕಿಡಿಕಿಡಿಯಾದ. ಹೊಸದು ತನ್ನ ವೇಗ ಬಿಟ್ಟು ಹಳೆಯದರ ವೇಗದಲ್ಲೇ ಓಡುತ್ತಿತ್ತು. ಅಂಗಡಿಯವನಿಗೆ ಫೋನ್ ಹಚ್ಚಿದ.

"ಎರಡೂ ಕೂಡಿ ಕುಂತ್ರ ಹಂಗ ರೀ," ಎಂದ ಆತ. "ಜೋರಿಂದು ನಿಧಾನಕ್ಕ ಹೊಂದ್ಕೊಂತೈತಿ. ನಿಧಾನಂದಕ್ಕ ಜೋರ ಓಡಾಕ ಬರೂದಿಲ್ಲ."

ಚನ್ನಮಲ್ಲ ಅಜ್ಜನ ಮುಂದೆ ಬಂದು ನಿಂತ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು.

"ಇದು ಅನ್ಯಾಯ ಅಜ್ಜಾರ. ನನ್ನ ಹಣೇಬರಾನೂ ಇದ ಆತು. ನಿಧಾನದವರ ಬಾಜೂಕ ಕುಂತು ಜೋರಿನವಗ ಏನು ಲಾಭ, ನೀವ ಹೇಳ್ರಿ."

ಅಜ್ಜ ಚಾಪೆ ಕೊಡವಿ ಹಾಸಿದರು. ಒಂದು ಬದಿಗೆ ಸಂಗಯ್ಯನನ್ನೂ ಇನ್ನೊಂದು ಬದಿಗೆ ಚನ್ನಮಲ್ಲನನ್ನೂ ಕೂರಿಸಿ, ತಾವು ನಡುವೆ ಕೂತರು.

"ನನಗೂ ಗೊತ್ತಿಲ್ಲಪಾ. ನೀ ಮಠಕ್ಕ ಬಂದ ದಿನದಿಂದ ನಿನ್ನ ಬಾಜೂಕ ಕುಂತು ನಾನೂ ಅದನ್ನ ವಿಚಾರ ಮಾಡಾಕತ್ತೇನಿ."