ಕಲ್ಲಾದವರ ತಪ್ಪು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಈಗಲೇ ಬಾಯಿ ಹಾಕಬೇಡ ಭಾಗಿ, ಒಂದು ಕುಂಬಾರರ ಕೇರಿ ಇತ್ತಂತೆ. ಕೇರಿ ಆಚೆ ದಿಣ್ಣೆ ಮೇಲೆ ಆಳೆತ್ತರದ ಕಲ್ಲುಗಳು ದುಂಡಗೆ ಸುತ್ತುಗಟ್ಟಿ, ಒಳಮುಖವಾಗಿ ನಿಂತಿದ್ದವಂತೆ. ಅವೆಲ್ಲ ಒಂದು ಕಾಲಕ್ಕೆ ಮನುಷ್ಯರೇ ಅಂತೆ. ದೇವರು ಏಳು ದಿನ ಕಾದು ನೋಡಿದ, ಇವರು ತಿದ್ದಿಕೊಳ್ಳಲಿಲ್ಲ, ಎಂಟನೇ ದಿನ ಕಲ್ಲಾಗಿ ಹೋಗಿ ಅಂದ, ಹಾಗಂತ ಕೇರಿಯವರ ತಾಳೆಗರಿ ಪುರಾಣದಲ್ಲಿ ಬರೆದಿತ್ತಂತೆ. ಆದರೆ ಅವರು ಮಾಡಿದ ತಪ್ಪೇನು ಅಂತ ಬರೆದಿದ್ದ ಗರಿಯನ್ನೇ ಗೆದ್ದಲು ತಿಂದುಬಿಟ್ಟಿತ್ತಂತೆ. ಶಿಕ್ಷೆ ಉಳೀತು, ತಪ್ಪು ಹೋಯ್ತು. ಏನು ಮಾಡ್ತೀಯ?

ಕೇರಿಗೆ ಮೂವರು ಹಿರಿಯರು, ಅಣ್ಣತಮ್ಮಂದಿರು, ದೊಡ್ಡಜ್ಜ, ನಡುವಜ್ಜ, ಸಣ್ಣಜ್ಜ. ಮಡಕೆ ಸುಡೋ ಆವಿಗೆಗೆ ಬೆಂಕಿ ಇಡೋ ಮುಂಚೆ ಅವರು ಆ ಪುರಾಣ ಓದಲೇಬೇಕಂತೆ. ದೇವರು ಏಳು ದಿನ ಕಾದನಲ್ಲ, ಅದಕ್ಕೆ ಹಸಿ ಮಡಕೆ ಒಣಗಿಸೋದೂ ಏಳೇ ದಿನ. ಬಿಸಿಲಿರಲಿ ಮೋಡವಿರಲಿ, ಎಂಟನೇ ದಿನ ಬೆಂಕಿ.

ಆ ಅಜ್ಜಂದಿರ ಮನೆಗೆ ದೊಡ್ಡಜ್ಜನ ಮೊಮ್ಮಗ ಬೊಮ್ಮಯ್ಯನ ಹೆಂಡತಿಯಾಗಿ ಸಣ್ಣೀರಿ ಅನ್ನೋ ಹುಡುಗಿ ಬಂದಳಂತೆ. ಅವಳ ಅವ್ವ ಅಪ್ಪ ಇಬ್ಬರೂ ತೀರಿಹೋಗಿದ್ದರು, ತವರು ಅಂತ ಹೇಳಿಕೊಳ್ಳೋಕೆ ಒಂದು ಬಾಗಿಲೂ ಇರಲಿಲ್ಲ ಪಾಪ. ಅವಳು ಬಂದ ವರ್ಷ ಮೋಡ ಕವಿದದ್ದು ಸರಿಯಲೇ ಇಲ್ಲವಂತೆ. ಮೊದಲನೇ ಆವಿಗೆ ತೆಗೆದು ನೋಡಿದರೆ ಮಡಕೆಯೆಲ್ಲ ಬಿರುಕು. ಆಮೇಲೆ ದೊಡ್ಡಜ್ಜ ಯೋಚನೆ ಮಾಡಿ, ಪುರಾಣ ಓದುವಾಗ ಕತ್ತೆ ಅರಚಿತು, ಸಣ್ಣೀರಿ ಕಿಸಕ್ಕನೆ ನಕ್ಕಳು, ಅವತ್ತು ಕಲ್ಲಾದವರ ತಪ್ಪೂ ನಗುವೇ ಅಂದನಂತೆ. ಸರಿ, ಕೇರಿಯಲ್ಲಿ ನಗು ಬಂದ್.

ಎರಡನೇ ಆವಿಗೆಯ ಮಡಕೆಯೂ ಒಡೀತು. ಅಲ್ಲ, ಈಗ ಯಾರೂ ನಕ್ಕಿಲ್ಲವಲ್ಲ ಅಂತ ಎಲ್ಲರಿಗೂ ತಲೆಕೆಟ್ಟು ಹೋಯ್ತು. ಆಮೇಲೆ ನಡುವಜ್ಜ, ನಗು ಅಲ್ಲ, ಪ್ರಶ್ನೆ ಕೇಳಿದ್ದೇ ತಪ್ಪು, ಏಳೇ ದಿನ ಯಾಕೆ ಅಂತ ಸಣ್ಣೀರಿ ಕೇಳಿದ್ದಳು ಅಂದನಂತೆ. ಸರಿ, ಪ್ರಶ್ನೆಯೂ ಬಂದ್. ನಿನ್ನಂಥವಳು ಅಲ್ಲಿದ್ದಿದ್ದರೆ ನಿನ್ನ ಗತಿ ಏನಾಗ್ತಿತ್ತೋ.

ಮೂರನೇ ಸಲ ಸಣ್ಣೀರಿ ಬಾಯಿಬಿಡದೆ ಒಂದು ಹಸಿ ಮಡಕೆ ಎತ್ತಿ ಕೆನ್ನೆಗೆ ಒತ್ತಿಕೊಂಡಳಂತೆ. ಮಣ್ಣಿನೊಳಗೆ ಇನ್ನೂ ನೀರಿದ್ದರೆ ಮಡಕೆ ಕೆನ್ನೆಗೆ ತಣ್ಣಗೆ ತಾಗುತ್ತೆ, ಬೆಂಕಿಗಿಟ್ಟರೆ ಒಡೆಯುತ್ತೆ, ಅವಳಪ್ಪ ಹಾಗೇ ನೋಡುತ್ತಿದ್ದನಂತೆ. ತಣ್ಣಗಿತ್ತು. ಆದರೆ ಬಾಯಿಬಿಟ್ಟರೆ ಅದೂ ತಪ್ಪಾದೀತು, ಹೇಳೋದು ಹೇಗೆ? ಎಂಟನೇ ದಿನ ಬೆಂಕಿ ಇಟ್ಟರು, ಢಬ್ ಢಬ್ ಅಂತ ಮತ್ತೆ ಒಡೀತು. ಸಣ್ಣಜ್ಜ ಎದ್ದು, ಅವಳು ಮಡಕೆಗೆ ಮುತ್ತಿಟ್ಟು ಎಂಜಲು ಮಾಡಿದ್ದನ್ನ ಕಣ್ಣಾರೆ ನೋಡಿದೆ, ಇದೇ ಆ ತಪ್ಪು ಅಂದನಂತೆ. ನಗು, ಪ್ರಶ್ನೆ, ಎಂಜಲು, ಯಾವುದು ನಿಜ ಅಂತ ಯಾರಿಗೂ ಗೊತ್ತಿಲ್ಲ. ಆದರೆ ಮೂರೂ ಅವಳದೇ ಅಲ್ಲವಾ, ಹಾಗಾಗಿ ಅವಳನ್ನ ಊರು ಬಿಡಿಸೋದು ಅಂತಾಯ್ತು.

ಮಟಮಟ ಮಧ್ಯಾಹ್ನ ದಿಣ್ಣೆಗೆ ಕರೆದುಕೊಂಡು ಹೋದರಂತೆ. ಕಲ್ಲುಗಳ ನಡುವೆ ಅವಳನ್ನ ನಿಲ್ಲಿಸಿ, ಕಲ್ಲಿಗೆ ಬೆನ್ನು ಮಾಡಿ ಕೇರಿಗೆ ಕೇರಿಯೇ ಸುತ್ತ ನಿಂತಿತು. ಬೊಮ್ಮಯ್ಯನೂ ನಿಂತಿದ್ದ, ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು. ಒಬ್ಬೊಬ್ಬರೂ ಅವಳ ಮೇಲೆ ದೂರು ಹೇಳ್ತಾ ಹೇಳ್ತಾ ಹೊತ್ತು ಇಳೀತಂತೆ. ಸಣ್ಣೀರಿ ಅತ್ತೂ ಅತ್ತೂ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಜನರ ಹಿಂದೆ ಕಲ್ಲು, ಕಲ್ಲಿನ ಮುಂದೆ ಜನ.

ಅಜ್ಜಾ, ಈ ಕಲ್ಲುಗಳೂ ನಿಮ್ಮ ಹಾಗೇ ನಿಂತಿದಾವಲ್ಲ, ಅವತ್ತು ನಡುವೆ ಯಾರಿದ್ದರು? ಅಂದಳಂತೆ.

ಎಲ್ಲರೂ ತಿರುಗಿ ಕಲ್ಲು ನೋಡಿದರು, ಆಮೇಲೆ ಪಕ್ಕದವರನ್ನ ನೋಡಿದರು. ದೊಡ್ಡಜ್ಜ ಹೆದರಿ ಅಲ್ಲಿಂದ ಸರಿಯೋಕೆ ಹೋದ, ಕಾಲೇ ಏಳಲಿಲ್ಲ. ಅಯ್ಯೋ ನನ್ನ ಕಾಲು ಕಲ್ಲಾಯ್ತು ಅಂತ ಕೂಗಿಕೊಂಡನಂತೆ. ಉಳಿದವರಿಗೆ ತಮ್ಮ ಕಾಲು ಎತ್ತಿ ನೋಡೋಕೂ ಭಯ. ಸಣ್ಣೀರಿ ಒಬ್ಬಳೇ ಓಡಿಬಂದು, ಅಜ್ಜನ ಕಾಲ ಬಳಿ ಕೂತು, ಎರಡೂ ಕೈಯಲ್ಲಿ ಗಸಗಸ ಉಜ್ಜಿದಳಂತೆ. ಕಲ್ಲಲ್ಲ ಕಣಜ್ಜ, ಜೋಮು, ತುಂಬ ಹೊತ್ತು ನಿಂತೆಯಲ್ಲ ಅಂದಳಂತೆ.

ಬೊಮ್ಮಯ್ಯ ನಾಚಿಕೆಯಿಂದ ತಲೆತಗ್ಗಿಸಿ ಅವಳ ಪಕ್ಕ ಬಂದು ಕೂತ. ಯಾರೋ ಕಿಸಕ್ಕಂದರು. ಆಮೇಲೆ ಎಲ್ಲರಿಗೂ ನಗು. ದೊಡ್ಡಜ್ಜ ಅವಳ ತಲೆ ಮೇಲೆ ಕೈಯಿಟ್ಟು, ಮಡಕೆಗೆ ಎಷ್ಟು ದಿನ ಬೇಕು ಮಗಳೇ ಅಂತ ಕೇಳಿದನಂತೆ. ಪ್ರಶ್ನೆ, ನೋಡು. ಕೆನ್ನೆಗೆ ತಣ್ಣಗೆ ತಾಗದೆ ಇರೋವರೆಗೂ ಅಂದಳು. ಹನ್ನೆರಡು ದಿನ ಒಣಗಿಸಿದರು, ಒಂದೂ ಒಡೀಲಿಲ್ಲವಂತೆ. ಅವತ್ತಿಂದ ಆ ಕೇರಿಯಲ್ಲಿ ಯಾರನ್ನೂ ನಡುವೆ ನಿಲ್ಲಿಸಿ ವಿಚಾರಿಸಲ್ಲ, ಪಕ್ಕದಲ್ಲಿ ಕೂರಿಸಿಕೊಂಡೇ ಕೇಳೋದಂತೆ.

ಹಾಗಾದರೆ ಕಲ್ಲಾದವರ ತಪ್ಪೇನು ಅಂತೀಯಾ? ನನ್ನಜ್ಜಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ ಕಣೇ. ಆದರೆ ಯಾರನ್ನಾದರೂ ಸುತ್ತುಗಟ್ಟಿ ನಿಂತಾಗ ನನ್ನ ಕಾಲು ಈಗಲೂ ಜುಮ್ಮನ್ನುತ್ತೆ. ಎಲ್ಲಿ, ನಿನ್ನ ಕೆನ್ನೆ ತಾ. ಬೆಚ್ಚಗಿದೆ. ಕತೆ ಅಲ್ಲಿಗೆ ಮುಗೀತು, ನೀನು ಇಲ್ಲಿ ಮಲಕ್ಕೋ.