ದ ಹೋಗಿ ನ ಬಂತು

ಮಲಪ್ರಭೆಯ ದಂಡೆಯ ಮಠದಲ್ಲಿ ಮುಕ್ಕಣ್ಣಜ್ಜ ಎಂಬ ಗುರು ಇದ್ದರು. ಪ್ರಾಯದಲ್ಲಿ ವೇಲ್ಸ್ ದೇಶದಲ್ಲಿದ್ದು ಬಂದವರು.

ತಮ್ಮ ವೆಲ್ಷ್ ನುಡಿಯಲ್ಲೇ ಧ್ಯಾನ ಹೇಳಿಕೊಡುವ ಒಬ್ಬರನ್ನು ಕಳಿಸಿ ಎಂದು ಅಲ್ಲಿನ ಭಕ್ತರು ಕೇಳಿಕೊಂಡರು. ಅಜ್ಜ ತಮ್ಮ ಶಿಷ್ಯ ಶಾಂತವೀರನನ್ನು ಆರಿಸಿ, ನುಡಿ ಕಲಿಸಲು ಕೂತರು.

ಶಾಂತವೀರ ಮೊಸರಿನಲ್ಲಿ ಕಲ್ಲು ಹುಡುಕುವ ಆಸಾಮಿ.

ಕಲಿಯುವುದಕ್ಕೆ ಆ ನುಡಿಯಲ್ಲಿ ‘ದಸ್ಗಿ’ ಎಂದರು ಅಜ್ಜ. ಕಲಿಸುವುದಕ್ಕೆ? ಅದಕ್ಕೂ ‘ದಸ್ಗಿ’. ಶಾಂತವೀರನ ಹುಬ್ಬು ಮೇಲೇರಿತು.

ಮರುದಿನ, ‘ನನಗೆ ಕಲಿಸುವುದು’ ಎನ್ನಲು ಏನೆಂದು ಕೇಳಿದ. ‘ವ ನಸ್ಗಿ’ ಎಂದರು. ವ ಎಂದರೆ ‘ನನ್ನ’, ಅದು ಸರಿ; ಆದರೆ ದಸ್ಗಿಯ ದ ಹೋಗಿ ನ ಬಂದಿತ್ತು.

ಮುದುಕರು ಎಲ್ಲ ಮರೆತು ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ ಎಂದು ಅವನಿಗೆ ಗುಮಾನಿ ಹುಟ್ಟಿತು. ಪರದೇಶದಲ್ಲಿ ಜನರ ಮುಂದೆ ನಗೆಪಾಟಲಾಗುವವನು ತಾನು ತಾನೇ? ಅವನಿಗೆ ಭಯವಾಯಿತು.

ಅಷ್ಟರಲ್ಲಿ ವೇಲ್ಸಿನಿಂದ ಒಬ್ಬ ಹೆಂಗಸು ಮಠಕ್ಕೆ ಬಂದರು. ಅಜ್ಜ ಇಲ್ಲದ ಹೊತ್ತು ನೋಡಿ ಅವರನ್ನು ವಿಚಾರಿಸಿದ. ಅಜ್ಜ ಹೇಳಿದ್ದೆಲ್ಲ ಸರಿ ಎಂದರು ಆಕೆ.

ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದುಕೊಂಡ ಶಾಂತವೀರ. ಗಂಟು ಕಟ್ಟಿಕೊಂಡು ಅಜ್ಜನ ಮುಂದೆ ನಿಂತ.

“ಅಪ್ಪಣೆ ಕೊಡ್ರಿ ಅಜ್ಜಾರ. ಊರಿಗೆ ಹೋಗ್ತೀನಿ.”

“ತಿರುಗಿ ಯಾವಾಗ ಬರ್ತಿ?”

“ಮಳಿಗಾಲ ಮುಗದ ಮ್ಯಾಲೆ ನೋಡ್ತೀನ್ರಿ.”

“ಮಳಿ ಗೊತ್ತದ. ಗಾಲ ಅಂದ್ರೇನೋ?”

ಅಜ್ಜನಿಗೆ ಅರಳುಮರಳು ಎಂಬುದು ಶಾಂತವೀರನಿಗೆ ಈಗ ಖಾತ್ರಿಯಾಯಿತು. ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ.

“ಗಾಲ ಅಂದ್ರ ಕಾಲನ ರೀ. ಮಳಿ ಬೆನ್ನಿಗೆ ಬಂತಂದ್ರ ಕ ಹೋಗಿ ಗ ಆಗ್ತದ. ಶಬ್ದ ಅದ ಇರ್ತದ್ರಿ.”

ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ನಾಚಿಕೆಯಾಗಿ ಗಂಟು ಕೆಳಗಿಟ್ಟ. ಆದರೂ ಸಂಶಯ ಪೂರ್ತಿ ಬಿಡಲಿಲ್ಲ.

“ದ ಹೋಗಿ ನ ಬಂದದ್ದು ಒಪ್ಪಿದೆ ಅಜ್ಜಾರ. ಆದ್ರ ಕಲಿಯೋದಕ್ಕೂ ಕಲಿಸೋದಕ್ಕೂ ಒಂದ ಶಬ್ದ ಅಂದ್ರ ಹ್ಯಾಂಗ ನಂಬಲಿ? ಕಲಿಯಾವ ಯಾರು, ಕಲಿಸಾವ ಯಾರು ಅಂತ ತಿಳಿಯೂದು ಹ್ಯಾಂಗ?”

ಅಜ್ಜ ಕೂತ ಚಾಪೆಯಲ್ಲೇ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.

“ಈಗ ಗಾಲ ಅಂದ್ರೇನಂತ ನಮ್ಮಿಬ್ಬರೊಳಗ ಕಲಿಸಿದಾವ ಯಾರಪಾ?”